ಮಕ್ಕಳ ಪಾಠದ ವೀಡಿಯೊ ಆರಿಸುವವರು ಯಾರು? ಉಸ್ತಾದರೋ, ಯೂಟ್ಯೂಬೋ?

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಂದು ಒಂದು ಹೊಸ ಕಾನೂನು ಜಾರಿಗೆ ಬಂತು. 16 ವರ್ಷ ತುಂಬದ ಮಕ್ಕಳು ಅಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಮುಂತಾದವುಗಳಲ್ಲಿ ಖಾತೆ ಹೊಂದುವಂತಿಲ್ಲ. ತಪ್ಪಿದರೆ ದಂಡ ಕಂಪನಿಗೆ, ಮಗುವಿಗೂ ಅಲ್ಲ, ತಂದೆ ತಾಯಿಗೂ ಅಲ್ಲ. ದಂಡದ ಮೊತ್ತ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ಹೋಗಬಹುದು. ಈ ಸುದ್ದಿ ನಮ್ಮ ಮನೆಗಳಲ್ಲೂ ಚರ್ಚೆಯಾಗಿದೆ. ‘ಇಲ್ಲಿಗೂ ಅಂಥದ್ದೊಂದು ಬರಲಿ ಉಸ್ತಾದ್‌ರೇ, ನಮ್ಮ ಮಾತು ಮಕ್ಕಳು ಕೇಳುದಿಲ್ಲ’ ಎಂದು ಹೇಳುವ ತಾಯಂದಿರು ಬಹಳ ಮಂದಿ ಇದ್ದಾರೆ.

ಆ ಸುದ್ದಿಯೊಳಗೆ ಇನ್ನೊಂದು ಸಣ್ಣ ಸುದ್ದಿ ಇತ್ತು. ಅದನ್ನು ಹೆಚ್ಚಿನವರು ಗಮನಿಸಲಿಲ್ಲ. ಯಾವುದಕ್ಕೆ ನಿಷೇಧ, ಯಾವುದಕ್ಕೆ ಇಲ್ಲ ಎಂದು ಅಲ್ಲಿನ ಅಧಿಕಾರಿಗಳು ಪಟ್ಟಿ ಮಾಡಿದಾಗ ಯೂಟ್ಯೂಬ್ ನಿಷೇಧದ ಒಳಗೆ ಬಂತು, ಪಿನ್‌ಟರೆಸ್ಟ್ ಹೊರಗೆ ಉಳಿಯಿತು. ಪಿನ್‌ಟರೆಸ್ಟಿನ ಮುಖ್ಯ ಉದ್ದೇಶ ಜನರ ಜೊತೆ ಹರಟುವುದಲ್ಲ, ಬೇಕಾದ ಚಿತ್ರ, ವಿಚಾರಗಳನ್ನು ಒಂದೆಡೆ ಜೋಡಿಸಿಡುವುದು ಎಂಬುದು ಅದಕ್ಕೆ ಕೊಟ್ಟ ಕಾರಣ. ಯೂಟ್ಯೂಬ್‌ನ್ನೂ ಪೂರ್ತಿ ಮುಚ್ಚಿಲ್ಲ. ಖಾತೆ ಇಲ್ಲದೆ ನೋಡಬಹುದು, ಶಿಕ್ಷಕರು ಆರಿಸಿದ ವೀಡಿಯೊವನ್ನು ತರಗತಿಯಲ್ಲಿ ತೋರಿಸಬಹುದು.

ಅಂದರೆ ಆ ದೇಶ ಗೆರೆ ಎಳೆದದ್ದು ವೀಡಿಯೊ ಬೇಕೋ ಬೇಡವೋ ಎಂಬಲ್ಲಿ ಅಲ್ಲ. ಮಗುವಿನ ಮುಂದೆ ಯಾವ ವೀಡಿಯೊ ಬರಬೇಕು ಎಂದು ತೀರ್ಮಾನಿಸುವವರು ಯಾರು ಎಂಬಲ್ಲಿ. ಮದ್ರಸದಲ್ಲಿ ಕಲಿಸುವ ನಮಗೆ, ಮನೆಯಲ್ಲಿ ಮಕ್ಕಳನ್ನು ಬೆಳೆಸುವ ನಿಮಗೆ ಈ ಪ್ರಶ್ನೆ ಕಾನೂನು ಬರುವ ಮೊದಲೇ ಎದುರಾಗಿದೆ.

ಹುಡುಕಿದರೆ ಏನು ಸಿಗುತ್ತದೆ?

2020ರ ಲಾಕ್‌ಡೌನ್‌ನಲ್ಲಿ ಮದ್ರಸಗಳು ಮುಚ್ಚಿದಾಗ ಸಮಸ್ತದ ಮದ್ರಸ ಬೋರ್ಡ್ ಯೂಟ್ಯೂಬ್ ಮೂಲಕವೇ ಪಾಠ ನಡೆಸಿತು. ಆಗ ಮೊಬೈಲ್ ಮಕ್ಕಳ ಕೈಗೆ ಬಂದದ್ದು ಪಾಠದ ಹೆಸರಲ್ಲಿ. ಪಾಠ ಮತ್ತೆ ಮದ್ರಸಕ್ಕೆ ಬಂತು, ಮೊಬೈಲ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಈಗ ಒಂದು ಸಂಶಯ ಬಂದರೆ ಮಗು ಉಸ್ತಾದರಲ್ಲಿ ಕೇಳುವ ಮೊದಲು ಮೊಬೈಲಲ್ಲಿ ಕೇಳುತ್ತದೆ. ಕೇಳಲಿ, ಅದು ತಪ್ಪಲ್ಲ. ಆದರೆ ಉತ್ತರ ಎಲ್ಲಿಂದ ಬರುತ್ತದೆ ಎಂದು ನೋಡಬೇಕಲ್ಲ.

ನಾಲ್ಕನೇ ತರಗತಿಯ ಒಂದು ಮಗು ‘ನಮಾಝ್ ಮಾಡುವುದು ಹೇಗೆ’ ಎಂದು ಹುಡುಕುತ್ತದೆ ಎಂದಿಟ್ಟುಕೊಳ್ಳಿ. ಉರ್ದು, ಹಿಂದಿ ವೀಡಿಯೊಗಳು ಸಾಲಾಗಿ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಹನಫಿ ಮದ್‌ಹಬ್‌ನವು. ಕೈ ಹೊಕ್ಕುಳಿನ ಕೆಳಗೆ ಕಟ್ಟುತ್ತಾರೆ, ರುಕೂಅ್‌ಗೆ ಹೋಗುವಾಗ, ಏಳುವಾಗ ಕೈ ಎತ್ತುವುದಿಲ್ಲ, ಸುಬ್‌ಹ್‌ನಲ್ಲಿ ಖುನೂತ್ ಇಲ್ಲ, ಫಾತಿಹಾದ ಮೊದಲು ಬಿಸ್ಮಿ ಜೋರಾಗಿ ಕೇಳುವುದಿಲ್ಲ. ನಮ್ಮ ಕರಾವಳಿಯ ಬ್ಯಾರಿಗಳು ಬಹುತೇಕ ಶಾಫಿಈ ಮದ್‌ಹಬ್‌ನವರು. ಮಗು ಮನೆಯಲ್ಲಿ ಉಪ್ಪ ಮಾಡುವುದನ್ನು ನೋಡುತ್ತದೆ, ಮೊಬೈಲಲ್ಲಿ ಬೇರೆ ನೋಡುತ್ತದೆ. ಎರಡೂ ಸರಿ, ಎರಡಕ್ಕೂ ಇಮಾಮರಿದ್ದಾರೆ, ದಲೀಲ್ ಇದೆ ಎಂದು ದೊಡ್ಡವರಿಗೆ ಗೊತ್ತು. ಒಂಬತ್ತು ವರ್ಷದ ಮಗುವಿಗೆ ಗೊತ್ತಾಗುವುದು ಇಷ್ಟೇ: ಒಂದೋ ಉಪ್ಪ ತಪ್ಪು, ಇಲ್ಲ ಮೊಬೈಲ್ ತಪ್ಪು.

ಕುರ್‌ಆನ್ ಓದುವ ವಿಷಯಕ್ಕೆ ಬನ್ನಿ. ನಮ್ಮಲ್ಲಿ ಓದುವುದು ಇಮಾಮ್ ಆಸಿಮರಿಂದ ಹಫ್ಸ್ ವರದಿ ಮಾಡಿದ ಕ್ರಮ. ಮೊರಾಕ್ಕೊ, ಅಲ್ಜೀರಿಯಾ ಕಡೆಯವರು ಹೆಚ್ಚಾಗಿ ಓದುವುದು ಇಮಾಮ್ ನಾಫಿಅ್‌ರಿಂದ ವರ್ಶ್ ವರದಿ ಮಾಡಿದ ಕ್ರಮ. ಫಾತಿಹಾದಲ್ಲೇ ವ್ಯತ್ಯಾಸ ಕೇಳುತ್ತದೆ. ನಾವು ‘ಮಾಲಿಕಿ’ ಎಂದು ಎಳೆಯುವಲ್ಲಿ ಅವರು ‘ಮಲಿಕಿ’ ಎಂದು ಓದುತ್ತಾರೆ. ಅದೂ ಸರಿಯಾದ ಖಿರಾಅತ್ತೇ. ಆದರೆ ಹಫ್ಸ್ ಕಲಿಯುತ್ತಿರುವ ಮಗು ಅದನ್ನು ಕೇಳಿ ನಾಳೆ ಮದ್ರಸದಲ್ಲಿ ಹಾಗೆ ಓದಿದರೆ ಉಸ್ತಾದರು ತಿದ್ದುತ್ತಾರೆ, ಮಗು ‘ಮೊಬೈಲಲ್ಲಿ ಹಾಗೆ ಉಂಟು’ ಎನ್ನುತ್ತದೆ.

ಇವೆಲ್ಲ ಒಳ್ಳೆಯ ವೀಡಿಯೊಗಳ ವಿಷಯ. ಈಗ ಕೃತಕ ಬುದ್ಧಿಮತ್ತೆಯಿಂದ ಮಾಡಿದ ‘ಪ್ರವಾದಿಗಳ ಕಥೆ’ಗಳ ಹಾವಳಿ ಬೇರೆ. ನಬಿಗಳಿಗೆ ಮುಖ ಬಿಡಿಸಿ, ಸಿನೆಮಾದ ಹಾಗೆ ಸಂಗೀತ ಹಾಕಿ, ಯಾವ ಕಿತಾಬಿನಲ್ಲೂ ಇಲ್ಲದ ಮಾತು ಅವರ ಬಾಯಿಯಲ್ಲಿ ಆಡಿಸುತ್ತಾರೆ. ಹೀಗೆ ತಯಾರಿಸಿದ ವೀಡಿಯೊ ನಿಜವಾದದ್ದರಂತೆ ಕಾಣುವುದಾದರೆ ಹಾಗೆಂದು ತಿಳಿಸಬೇಕು ಎಂದು ಯೂಟ್ಯೂಬ್ 2024ರಲ್ಲಿ ನಿಯಮ ತಂದಿದೆ. ತಿಳಿಸಿದರೂ ಆ ಸಣ್ಣ ಅಕ್ಷರ ಓದುವ ಮಗು ಯಾವುದು? ಹೆಸರಲ್ಲಿ ‘ಇಸ್ಲಾಮಿಕ್’ ಎಂದಿದ್ದರೆ ಸಾಕು, ಅಡುಗೆ ಕೆಲಸದಲ್ಲಿರುವ ಉಮ್ಮ ಒಳ್ಳೆಯದನ್ನೇ ನೋಡುತ್ತಿದೆ ಎಂದುಕೊಳ್ಳುತ್ತಾಳೆ.

ಚಿತ್ರದ ಅಡ್ಯಾಳ

ಇದಕ್ಕೆ ಮೊಬೈಲ್ ಕಸಿದುಕೊಳ್ಳುವುದೊಂದೇ ದಾರಿಯಲ್ಲ. ಕಸಿದುಕೊಂಡರೆ ನೆರೆಮನೆಯಲ್ಲಿ ನೋಡುತ್ತದೆ. ಉಳಿದ ದಾರಿ, ಮಗು ಹುಡುಕುವ ಮೊದಲೇ ನಾವು ಹುಡುಕಿ, ನೋಡಿ, ಜೋಡಿಸಿಡುವುದು. ಅದಕ್ಕೆ ಬರುವ ಸಾಧನವೇ ಚಿತ್ರ ಸಮೇತ ಅಡ್ಯಾಳ ಇಡುವ ಆ್ಯಪ್‌ಗಳು. ಪಿನ್‌ಟರೆಸ್ಟ್ 2010ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ವೇಕ್‌ಲೆಟ್, ಪ್ಯಾಡ್‌ಲೆಟ್, ರೇನ್‌ಡ್ರಾಪ್ ಎಂಬವು ಅದೇ ಜಾತಿಯವು. ಕಿತಾಬಿನೊಳಗೆ ಎಲ್ಲಿ ನಿಲ್ಲಿಸಿದ್ದೇವೆಂದು ನೂಲಿನ ಅಡ್ಯಾಳ ಇಡುತ್ತೇವಲ್ಲ, ಅದೇ ಕೆಲಸ. ವೀಡಿಯೊ ಅಲ್ಲೇ ಯೂಟ್ಯೂಬಿನಲ್ಲಿರುತ್ತದೆ, ಇಲ್ಲಿ ಅದರ ಒಂದು ಚಿತ್ರ ಮತ್ತು ವಿಳಾಸ ಮಾತ್ರ. ಗೋಡೆಗೆ ಚೀಟಿ ಅಂಟಿಸಿದ ಹಾಗೆ ಒಂದು ಬೋರ್ಡಿನಲ್ಲಿ ಚಿತ್ರಗಳು ಸಾಲಾಗಿ ಕಾಣುತ್ತವೆ. ಒತ್ತಿದರೆ ವೀಡಿಯೊ ತೆರೆಯುತ್ತದೆ.

‘ವಾಟ್ಸ್‌ಆ್ಯಪ್ ಗ್ರೂಪಿಗೆ ಲಿಂಕ್ ಹಾಕಿದರೆ ಸಾಲದೇ?’ ಎಂದು ಕೇಳಬಹುದು. ಮದ್ರಸ ಗ್ರೂಪಿನಲ್ಲಿ ಬೆಳಗ್ಗೆ ಹಾಕಿದ ಲಿಂಕು ಸಂಜೆಯ ಹೊತ್ತಿಗೆ ಜುಮಾ ಮುಬಾರಕ್, ಮಯ್ಯಿತ್‌ನ ಸುದ್ದಿ, ರಕ್ತ ಬೇಕಾಗಿದೆ ಎಂಬ ಸಂದೇಶಗಳ ಅಡಿಗೆ ಹೋಗಿರುತ್ತದೆ. ಒಂದು ತಿಂಗಳ ನಂತರ ಹುಡುಕಿದರೆ ಸಿಗುವುದಿಲ್ಲ. ಬೋರ್ಡಿನಲ್ಲಿ ಇಟ್ಟದ್ದು ಇಟ್ಟಲ್ಲೇ ಇರುತ್ತದೆ, ಪಾಠದ ಕ್ರಮದಲ್ಲಿ ಇರುತ್ತದೆ. ಇನ್ನೊಂದು ಉಪಕಾರ ನಮ್ಮ ಮನೆಗಳಿಗೇ ವಿಶೇಷವಾದದ್ದು. ಇಂಗ್ಲಿಷ್ ಓದಲು ಬಾರದ ಉಮ್ಮ, ಅಕ್ಷರವೇ ತಿಳಿಯದ ಅಜ್ಜಿ ಕೂಡಾ ಚಿತ್ರ ನೋಡಿ ‘ವುಳೂ ಮಾಡುವ ಪಾಠ ಇದು’ ಎಂದು ಗುರುತಿಸಿ ಮಗುವಿಗೆ ತೆರೆದು ಕೊಡಬಹುದು. ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ಉಪ್ಪನಿಗೆ ಅದೇ ಬೋರ್ಡಿನ ವಿಳಾಸ ಕಳುಹಿಸಿದರೆ ಮಗ ಈ ವಾರ ಏನು ಕಲಿಯುತ್ತಿದ್ದಾನೆ ಎಂದು ಅವರಿಗೂ ಗೊತ್ತಾಗುತ್ತದೆ. ಫೋನ್ ಮಾಡಿದಾಗ ‘ಊಟ ಆಯ್ತಾ, ಓದ್ತಿಯಾ’ ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ.

ಆರಿಸುವುದೂ ಒಂದು ಇಲ್ಮ್

ವೀಡಿಯೊ ಆರಿಸಿಡುವುದು ಸಣ್ಣ ಕೆಲಸ, ಬಿಡುವಿದ್ದವರು ಮಾಡಲಿ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಪರಂಪರೆ ಹಾಗೆ ನೋಡಿಲ್ಲ. ಇಮಾಮ್ ಬುಖಾರಿ ಸುಮಾರು ಆರು ಲಕ್ಷ ವರದಿಗಳಿಂದ ಆರಿಸಿ, ಪುನರಾವರ್ತನೆ ಸೇರಿ ಏಳು ಸಾವಿರ ಚಿಲ್ಲರೆ ಹದೀಸ್‌ಗಳನ್ನು ತಮ್ಮ ಸಹೀಹ್‌ನಲ್ಲಿ ಇಟ್ಟರೆಂದು ಹೇಳುತ್ತಾರೆ. ಅವರ ಫಿಖ್‌ಹ್ ಇರುವುದು ಅಧ್ಯಾಯಗಳಿಗೆ ಕೊಟ್ಟ ತಲೆಬರಹಗಳಲ್ಲಿ ಎಂಬುದು ಉಲಮಾಗಳ ಮಾತು. ಒಂದೇ ಹದೀಸನ್ನು ಯಾವ ಬಾಬ್‌ನ ಕೆಳಗೆ ಇಟ್ಟರು ಎಂಬುದರಲ್ಲೇ ಅವರ ಅಭಿಪ್ರಾಯ ತಿಳಿಯುತ್ತದೆ. ನಮ್ಮ ಬೋರ್ಡ್ ಆ ಮಹಾ ಕೆಲಸದ ಕಾಲ ಧೂಳಿಗೂ ಸಮವಲ್ಲ. ಆದರೆ ಪಾಠ ಒಂದೇ: ಬಂದದ್ದನ್ನೆಲ್ಲ ತೆಗೆದುಕೊಳ್ಳಬೇಡ, ಹೇಳಿದವರು ಯಾರೆಂದು ನೋಡು, ಸರಿಯಾದ ತಲೆಬರಹದ ಕೆಳಗೆ ಇಡು.

ಯೂಟ್ಯೂಬ್ ಕೂಡಾ ಆರಿಸುತ್ತದೆ, ಆದರೆ ಅದರ ಲೆಕ್ಕ ಬೇರೆ. ಯಾವುದನ್ನು ತೋರಿಸಿದರೆ ಈ ಹುಡುಗ ಇನ್ನೂ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತಾನೆ ಎಂಬುದು ಅದರ ಲೆಕ್ಕ, ಜಾಹೀರಾತಿನ ವ್ಯಾಪಾರ. ಮಗು ಏನು ಕಲಿಯಬೇಕು ಎಂಬುದು ನಮ್ಮ ಲೆಕ್ಕ.

ಒಂದು ತರಗತಿಗೆ ಒಂದು ಬೋರ್ಡ್

ಮಾಡುವುದು ಹೇಗೆ? ಎಲ್ಲವನ್ನೂ ಒಟ್ಟಿಗೆ ಹಿಡಿಯಬಾರದು. ಒಂದು ತರಗತಿ, ಒಂದು ಬೋರ್ಡ್, ಅದರೊಳಗೆ ನಾಲ್ಕೈದು ವಿಭಾಗ ಸಾಕು. ಅಕ್ಷರಗಳ ಮಖ್‌ರಜ್, ವುಳೂ, ನಮಾಝ್, ಚರಿತ್ರೆ, ಹಜ್ಜ್ ಎಂದು ಮಾಡಬಹುದು. ಒಂದೊಂದರಲ್ಲಿ ಐದಕ್ಕಿಂತ ಹೆಚ್ಚು ವೀಡಿಯೊ ಬೇಡ. ಐವತ್ತು ಇಟ್ಟರೆ ಅದೂ ಇನ್ನೊಂದು ಯೂಟ್ಯೂಬೇ ಆಗುತ್ತದೆ.

ಮಖ್‌ರಜ್‌ಗೆ ವೀಡಿಯೊ ನಿಜವಾಗಿ ಉಪಯೋಗ. ‘ದ್ವಾದ್’ ಅಕ್ಷರ ನಾಲಿಗೆಯ ಬದಿಯನ್ನು ಮೇಲಿನ ದವಡೆ ಹಲ್ಲಿಗೆ ತಾಗಿಸಿ ಬರಬೇಕು. ನಮ್ಮ ನಾಲಿಗೆಯಲ್ಲಿ ಅದು ‘ಳ’ ಆಗಿಬಿಡುತ್ತದೆ, ಮಲಯಾಳಂ ಪ್ರಭಾವದಿಂದ ‘ರಮಳಾನ್’ ಎನ್ನುತ್ತೇವೆ, ಉರ್ದುವಿನವರು ‘ರಮ್ಝಾನ್’ ಎನ್ನುತ್ತಾರೆ. ಬಾಯಿಯ ಒಳಗೆ ನಾಲಿಗೆ ಎಲ್ಲಿಗೆ ಹೋಗುತ್ತದೆ ಎಂದು ಉಸ್ತಾದರು ಬಾಯಿ ತೆರೆದು ತೋರಿಸಲು ಆಗುವುದಿಲ್ಲ. ಚಿತ್ರ ಬಿಡಿಸಿ ತೋರಿಸುವ ಎರಡು ನಿಮಿಷದ ವೀಡಿಯೊ ಅದನ್ನು ಮಾಡುತ್ತದೆ. ಓದು ಕೇಳಿಸಲು ಈಜಿಪ್ಟಿನ ಶೈಖ್ ಮಹ್ಮೂದ್ ಖಲೀಲ್ ಅಲ್ ಹುಸರಿಯವರ ಹಫ್ಸ್ ಕ್ರಮದ ಓದು ಇದೆ, 1961ರಷ್ಟು ಹಿಂದೆಯೇ ಪೂರ್ತಿ ಕುರ್‌ಆನ್‌ನ ಧ್ವನಿಮುದ್ರಣವಾಗಿ ಹೊರಬಂದದ್ದು. ಶೈಖ್ ಮಿನ್‌ಶಾವಿಯವರು ಓದಿ, ಹಿಂದಿನಿಂದ ಮಕ್ಕಳು ತಿರುಗಿ ಓದುವ ಧ್ವನಿಮುದ್ರಣವೂ ಇದೆ, ನಮ್ಮ ಮಕ್ಕಳು ಆ ಮಕ್ಕಳ ಜೊತೆ ಸೇರಿ ಓದಬಹುದು. ಹಜ್ಜ್ ಪಾಠಕ್ಕೆ ಹರಮ್‌ನ ದೃಶ್ಯ. ತವಾಫ್ ಎಡಕ್ಕೋ ಬಲಕ್ಕೋ ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಕಅಬಾ ಎಡಭಾಗದಲ್ಲಿ ಇರುವುದನ್ನು ಒಮ್ಮೆ ನೋಡಿದರೆ ಮಗು ಮರೆಯುವುದಿಲ್ಲ.

ಪ್ರತಿಯೊಂದಕ್ಕೂ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಬೇಕು. ಇದು ಯಾವ ಪಾಠಕ್ಕೆ, ಎಷ್ಟನೇ ನಿಮಿಷದಿಂದ ಎಷ್ಟರವರೆಗೆ ನೋಡಬೇಕು, ಓದುವವರು ಯಾರು, ಯಾವ ಮದ್‌ಹಬ್ ಪ್ರಕಾರ. ಈ ಎರಡು ಸಾಲು ಇಲ್ಲದಿದ್ದರೆ ಬೋರ್ಡ್ ಬರೀ ಆಲ್ಬಂ. ಇಡುವ ಮೊದಲು ವೀಡಿಯೊವನ್ನು ಕೊನೆಯವರೆಗೆ ನೋಡಲೇಬೇಕು. ಮೊದಲ ಎರಡು ನಿಮಿಷ ವುಳೂ ಕಲಿಸಿ, ಕೊನೆಯ ನಿಮಿಷದಲ್ಲಿ ಬೇರೆ ಜಮಾಅತ್‌ನವರನ್ನು ಬೈಯುವ ವೀಡಿಯೊಗಳೂ ಉಂಟು. ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಇಡುವ ಪದ್ಧತಿ ಇದ್ದರೆ ಒಳ್ಳೆಯದು. ಆ ಇನ್ನೊಬ್ಬರು ಕಾಲೇಜು ಓದಿದ ನಮ್ಮೂರ ಹೆಣ್ಣುಮಕ್ಕಳಲ್ಲಿ ಒಬ್ಬರಾಗಲಿ. ಮಕ್ಕಳು ಮನೆಯಲ್ಲಿ ಏನು ನೋಡುತ್ತಾರೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಶಾಲೆಯ ಪಾಠಕ್ಕೂ ಇದೇ ಕ್ರಮ ಬರುತ್ತದೆ. ಸರಕಾರದ ದೀಕ್ಷಾ 2017ರಿಂದ ಇದೆ, ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಮುದ್ರಿಸಿದ್ದಾರೆ, ಆ ಪಾಠಗಳ ವಿಳಾಸವನ್ನೂ ಬೋರ್ಡಿನಲ್ಲಿ ಸೇರಿಸಿಡಬಹುದು.

ಬ್ಯಾರಿ ಭಾಷೆಯ ಖಾಲಿ ಜಾಗ

ಹೀಗೆ ಜೋಡಿಸಲು ಕುಳಿತವರಿಗೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಮಲಯಾಳಂನಲ್ಲಿ ಬೇಕಾದಷ್ಟು, ಉರ್ದುವಿನಲ್ಲಿ ಲೆಕ್ಕವಿಲ್ಲದಷ್ಟು, ಇಂಗ್ಲಿಷಿನಲ್ಲಿ ಚಂದ ಚಂದದ್ದು. ಕನ್ನಡದಲ್ಲಿ ಸ್ವಲ್ಪ. ಬ್ಯಾರಿಯಲ್ಲಿ ಭಾಷಣ, ಹಾಡು, ತಮಾಷೆ ಸಿಗುತ್ತದೆ, ಸಣ್ಣ ಮಕ್ಕಳಿಗೆ ಪಾಠ ಹೇಳುವಂಥದ್ದು ಹುಡುಕಬೇಕು. ಹಿಂದಿನ ತಲೆಮಾರು ಅರಬಿ ಮಲಯಾಳಂ ಲಿಪಿಯಲ್ಲಿ ಕಲಿತದ್ದರಿಂದ ಮಲಯಾಳಂ ಪಾಠ ಅವರಿಗೆ ಹೊರೆಯಾಗಲಿಲ್ಲ. ಈಗಿನ ಇಂಗ್ಲಿಷ್ ಮೀಡಿಯಂ ಮಗುವಿಗೆ ಆ ಲಿಪಿಯೂ ಕಷ್ಟ, ಪುಸ್ತಕದ ಮಲಯಾಳಂ ಕೂಡಾ ಅರ್ಧವೇ ಅರ್ಥ.

ಪಟ್ಟಿ ಮಾಡುವವರೆಗೆ ಈ ಕೊರತೆ ಎದ್ದು ಕಾಣುವುದಿಲ್ಲ. ಬೋರ್ಡಿನಲ್ಲಿ ‘ನಮ್ಮ ಭಾಷೆಯಲ್ಲಿ’ ಎಂಬ ವಿಭಾಗ ಮಾಡಿ ಅದು ಖಾಲಿ ಉಳಿದರೆ ಯಾವ ಪಾಠ ನಾವೇ ಮಾಡಬೇಕು ಎಂದು ಗೊತ್ತಾಗುತ್ತದೆ. ಅದಕ್ಕೆ ಸ್ಟುಡಿಯೊ ಬೇಡ. ಬೆಳಕಿರುವ ಕಿಟಕಿಯ ಹತ್ತಿರ ಮೊಬೈಲ್ ನಿಲ್ಲಿಸಿ, ಮೂರು ನಿಮಿಷ, ಒಂದೇ ವಿಷಯ. ಮಕ್ಕಳು ಮನೆಯಲ್ಲಿ ಆಡುವ ಮಾತಿನಲ್ಲಿ ದೀನ್ ಕಲಿತರೆ ದೀನ್ ಉಳಿಯುತ್ತದೆ, ಮಾತೂ ಉಳಿಯುತ್ತದೆ.

ಜಾಗ್ರತೆ ಎಲ್ಲಿ ಬೇಕು?

ಆಸ್ಟ್ರೇಲಿಯಾ ಬಿಟ್ಟಿತು ಎಂದ ಮಾತ್ರಕ್ಕೆ ಪಿನ್‌ಟರೆಸ್ಟ್ ಪಾಪದ್ದೇನಲ್ಲ. 2017ರಲ್ಲಿ ಲಂಡನ್‌ನ 14 ವರ್ಷದ ಒಬ್ಬ ಬಾಲಕಿ ಜೀವ ಕಳೆದುಕೊಂಡಳು. ಅವಳ ಸಾವಿನ ವಿಚಾರಣೆ 2022ರಲ್ಲಿ ನಡೆದಾಗ ಇನ್‌ಸ್ಟಾಗ್ರಾಂ ಜೊತೆ ಪಿನ್‌ಟರೆಸ್ಟಿನ ಹೆಸರೂ ಬಂತು. ಮನಸ್ಸು ಕುಗ್ಗಿದ ಆ ಮಗುವಿಗೆ ಅಂಥದ್ದೇ ಚಿತ್ರಗಳನ್ನು ‘ನಿಮಗೆ ಇಷ್ಟವಾಗಬಹುದು’ ಎಂದು ಕಂಪನಿ ಇಮೇಲ್ ಮೂಲಕ ಕಳುಹಿಸಿತ್ತು. ಆ ಕಾಲದಲ್ಲಿ ತಮ್ಮ ತಾಣ ಸುರಕ್ಷಿತವಾಗಿರಲಿಲ್ಲ ಎಂದು ಕಂಪನಿಯ ಅಧಿಕಾರಿ ವಿಚಾರಣೆಯಲ್ಲೇ ಒಪ್ಪಿ ಕ್ಷಮೆ ಕೇಳಿದರು. ಇಂಟರ್‌ನೆಟ್ಟಿನಲ್ಲಿ ನೋಡಿದ ವಿಷಯಗಳೂ ಸಾವಿಗೆ ಕಾರಣವಾದವು ಎಂದು ವಿಚಾರಣಾಧಿಕಾರಿ ತೀರ್ಮಾನಿಸಿದರು.

ಇದರ ಅರ್ಥ ಸ್ಪಷ್ಟ. ನಾವು ಇಟ್ಟ ಐದು ಚಿತ್ರದ ಕೆಳಗೆ ‘ಇದೇ ತರದ್ದು ಇನ್ನಷ್ಟು’ ಎಂದು ಕಂಪನಿ ತನ್ನದನ್ನೂ ತೋರಿಸುತ್ತದೆ. ಬಾಗಿಲು ನಾವು ತೆರೆದದ್ದು, ಒಳಗೆ ಎಷ್ಟು ದೂರ ಹೋಗಬೇಕು ಎಂಬುದು ಮಗುವಿನ ಬೆರಳಿಗೆ ಬಿಟ್ಟದ್ದಾದರೆ ಪ್ರಯೋಜನವಿಲ್ಲ. ಆದ್ದರಿಂದ ಖಾತೆ ಉಸ್ತಾದರದ್ದೋ ತಂದೆ ತಾಯಿಯದ್ದೋ ಇರಲಿ, ಮಗುವಿನ ಹೆಸರಲ್ಲಿ ಬೇಡ. 13 ವರ್ಷಕ್ಕಿಂತ ಕೆಳಗಿನವರಿಗೆ ಪಿನ್‌ಟರೆಸ್ಟ್ ಖಾತೆಗೆ ಅವರದ್ದೇ ನಿಯಮದಲ್ಲಿ ಅವಕಾಶವಿಲ್ಲ. ಬೋರ್ಡ್ ಗುಟ್ಟಾಗಿಡುವ ಸೌಕರ್ಯ ಇದೆ, ಕರೆದವರು ಮಾತ್ರ ನೋಡುವ ಹಾಗೆ. ಬರೀ ಯೂಟ್ಯೂಬ್ ವೀಡಿಯೊಗಳಷ್ಟೇ ಆದರೆ ಯೂಟ್ಯೂಬಿನಲ್ಲೇ ಪ್ಲೇಲಿಸ್ಟ್ ಮಾಡಿ, ವಿಳಾಸ ಇದ್ದವರಿಗೆ ಮಾತ್ರ ಕಾಣುವಂತೆ ಇಡಬಹುದು. ಸಣ್ಣ ಮಕ್ಕಳಿಗೆ ದೊಡ್ಡವರು ಹತ್ತಿರ ಕುಳಿತೇ ತೋರಿಸಬೇಕು. ಮಕ್ಕಳ ಮುಖ ಕಾಣುವ ಮದ್ರಸದ ಫೋಟೊ, ಹೆಸರು, ತರಗತಿ ಇವನ್ನು ಬೋರ್ಡಿಗೆ ಹಾಕಲೇಬಾರದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ.

ಎರಡನೆಯದು, ಇಟ್ಟದ್ದು ಇಟ್ಟಲ್ಲೇ ಇರುತ್ತದೆ ಎಂದೆವು, ಆದರೆ ಅಂಗಡಿಯೇ ಮುಚ್ಚಿದರೆ? 2003ರಲ್ಲಿ ಶುರುವಾದ ಡಿಲಿಷಿಯಸ್ ಎಂಬ ಅಡ್ಯಾಳದ ತಾಣ ಕೈಯಿಂದ ಕೈಗೆ ಮಾರಾಟವಾಗಿ 2017ರಲ್ಲಿ ನಿಂತುಹೋಯಿತು. ಪಾಕೆಟ್ ಎಂಬ ಜನಪ್ರಿಯ ಆ್ಯಪ್‌ನ್ನು ಮೊಝಿಲ್ಲಾ ಸಂಸ್ಥೆ 2025ರ ಜುಲೈ 8ಕ್ಕೆ ಮುಚ್ಚಿತು. 2020ರ ಜೂನ್ 29ರ ರಾತ್ರಿ ನಮ್ಮ ದೇಶದಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳಿಗೆ ನಿಷೇಧ ಬಿದ್ದಾಗ ಅದರಲ್ಲಿ ಉಳಿಸಿಟ್ಟದ್ದೂ ಹೋಯಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ತಿಳಿಸಿದಂತೆ 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಮಾಯವಾಗಿದ್ದವು. ಆದ್ದರಿಂದ ಮದ್ರಸದ ಒಂದು ನೋಟ್‌ಬುಕ್ಕಿನಲ್ಲಿ ವೀಡಿಯೊದ ಹೆಸರು, ಚಾನೆಲ್‌ನ ಹೆಸರು, ಪಾಠದ ಹೆಸರು ಬರೆದಿಡಬೇಕು. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಒತ್ತಿ ನೋಡಿ, ಹೋದದ್ದನ್ನು ತೆಗೆಯಬೇಕು. ಡೌನ್‌ಲೋಡ್ ಮಾಡಿ ನಮ್ಮ ಚಾನೆಲ್‌ಗೆ ಹಾಕಿಕೊಂಡರೆ ಹೋಗುವುದಿಲ್ಲವಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಇನ್ನೊಬ್ಬರ ದುಡಿಮೆ. ವಿಳಾಸ ಕೊಟ್ಟರೆ ನೋಡಿದವರ ಲೆಕ್ಕ ಅವರಿಗೆ ಹೋಗುತ್ತದೆ, ಅದೇ ಅಮಾನತ್.

ಮೂರನೆಯದು ನಮ್ಮೊಳಗಿನದ್ದು. ಆರಿಸುವ ಅಧಿಕಾರ ಕೈಗೆ ಬಂದರೆ ಸಂಘಟನೆಯ ಜಗಳವೂ ಅದರ ಹಿಂದೆ ಬರುತ್ತದೆ. ‘ಅವರ ಉಸ್ತಾದರ ವೀಡಿಯೊ ಯಾಕೆ ಇಟ್ಟಿರಿ’ ಎಂದು ಕಮಿಟಿಯಲ್ಲಿ ಮಾತು ಏಳಬಹುದು. ಮಕ್ಕಳ ಬೋರ್ಡನ್ನು ಪಾಠಕ್ಕೆ ಮಾತ್ರ ಮೀಸಲಿಟ್ಟು, ಭಾಷಣ, ಖಂಡನೆ, ಸಮ್ಮೇಳನದ ವೀಡಿಯೊಗಳನ್ನು ಹೊರಗಿಟ್ಟರೆ ಅರ್ಧ ಜಗಳ ಅಲ್ಲಿಗೇ ತಪ್ಪುತ್ತದೆ.

ವೀಡಿಯೊ ಕೇಳಿಸಿಕೊಳ್ಳುವುದಿಲ್ಲ

ಇಷ್ಟೆಲ್ಲ ಮಾಡಿದರೂ ವೀಡಿಯೊ ಒಂದು ಕೆಲಸ ಮಾಡುವುದಿಲ್ಲ. ಅದು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಮಗು ‘ಐನ್’ ಬದಲು ‘ಅಲಿಫ್’ ಹೇಳಿದರೆ ಮೊಬೈಲ್ ಮುಂದಿನ ಆಯತ್‌ಗೆ ಹೋಗುತ್ತದೆ, ಉಸ್ತಾದರು ನಿಲ್ಲಿಸುತ್ತಾರೆ. ಕುರ್‌ಆನ್ ಬಾಯಿಯಿಂದ ಬಾಯಿಗೆ ಬಂದದ್ದು. ಕಲಿಸಿದವರ ಮುಂದೆ ಕುಳಿತು ಓದಿ ಒಪ್ಪಿಸುವವರೆಗೆ ಅದು ಕಲಿತದ್ದಾಗುವುದಿಲ್ಲ. ಆದ್ದರಿಂದ ಬೋರ್ಡ್ ತೋರಿಸಿ ಮಗುವನ್ನು ಮದ್ರಸಕ್ಕೆ ಕಳುಹಿಸದಿರುವ ಆಲೋಚನೆ ಯಾರಿಗೂ ಬೇಡ. ಅದು ಮನೆಯಲ್ಲಿ ನಡೆಯುವ ಹತ್ತು ನಿಮಿಷದ ಪೂರ್ವ ತಯಾರಿ ಮಾತ್ರ.

ನಮ್ಮ ದೇಶದಲ್ಲೂ ಮಕ್ಕಳ ವಯಸ್ಸಿನ ಮಿತಿಯ ಚರ್ಚೆ ಇದೆ. ಕಾನೂನು ಬಂದರೂ ಮನೆಯೊಳಗೆ ಉಮ್ಮನ ಮೊಬೈಲಿನಲ್ಲಿ ಏನು ತೆರೆಯುತ್ತದೆ ಎಂದು ನೋಡಲು ಸರಕಾರ ಬರುವುದಿಲ್ಲ. ರಮಝಾನ್ ಕಳೆದು ಶವ್ವಾಲ್‌ನಲ್ಲಿ ಮದ್ರಸಗಳ ಹೊಸ ವರ್ಷ ಶುರುವಾಗುತ್ತದೆ. ಹೊಸ ಕಿತಾಬ್ ಕೊಡುವ ದಿನವೇ ಒಂದು ತರಗತಿಗಾದರೂ ಒಂದು ಬೋರ್ಡಿನ ವಿಳಾಸ ಹೆತ್ತವರ ಕೈಗೆ ಕೊಡಲು ಸಾಧ್ಯವೇ ಎಂದು ಪ್ರತಿ ಜಮಾಅತ್ ಕಮಿಟಿ, ಪ್ರತಿ ಮುಅಲ್ಲಿಮರು ಆಲೋಚಿಸಲಿ. ಹೆತ್ತವರೂ ಕೇಳಲಿ. ಇಪ್ಪತ್ತು ವೀಡಿಯೊ ನೋಡಿ ಆರಿಸಲು ಇಬ್ಬರಿಗೆ ಒಂದು ವಾರದ ರಾತ್ರಿಗಳು ಸಾಕು. ಅಲ್ಲಾಹು ತೌಫೀಕ್ ನೀಡಲಿ.